ಓದುಗರ ಪ್ರಶ್ನೆ: ಹಾಂಗ್‌ಕಾಂಗಿನ ಚಹಾ ಮೇಜು, ಜೀವಂತ ಮೀನಿನ ತೊಟ್ಟಿ

ಚಹಾದ ಜೊತೆ ಸಣ್ಣ ಸಣ್ಣ ತಿನಿಸು ಬಡಿಸುವ ಹಾಂಗ್‌ಕಾಂಗಿನ ಡಿಮ್ ಸಮ್ ಮನೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾನು ಬರೆದಿದ್ದ ಟಿಪ್ಪಣಿಗೆ ನಿರೀಕ್ಷೆಗಿಂತ ಹೆಚ್ಚು ಪತ್ರಗಳು ಬಂದಿವೆ. ಆ ನಗರದಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ ಬಂದವನಾದ್ದರಿಂದ ತಿಳಿದಷ್ಟನ್ನು ಹೇಳುವುದು ನನ್ನ ಕರ್ತವ್ಯವೆಂದುಕೊಂಡು, ಪತ್ರಗಳಲ್ಲಿ ಏಳನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಮಗ ಹಾಂಗ್‌ಕಾಂಗಿನಲ್ಲಿ ನೌಕರಿಯಲ್ಲಿದ್ದಾನೆ. ಮುಂದಿನ ತಿಂಗಳು ನಾವು ದಂಪತಿಗಳು ಅಲ್ಲಿಗೆ ಹೋಗಲಿದ್ದು, ಅವನ ಮೇಲಧಿಕಾರಿಗಳು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮೆಲ್ಲರನ್ನೂ ‘ಯಮ್ ಚಾ’ಕ್ಕೆ ಕರೆದಿದ್ದಾರೆ. ಬರೀ ಚಹಾಕ್ಕೆ ಕರೆದಿರುವುದಾದರೆ ನಾವು ಮನೆಯಲ್ಲಿ ಊಟ ಮುಗಿಸಿ ಹೋಗಬೇಕೇ? ಅಲ್ಲಿಯ ರೀತಿ ರಿವಾಜು ಏನು, ಕೈಯಲ್ಲಿ ಏನು ಒಯ್ಯಬೇಕು? ಕೋಳಿ, ಮೀನು ತಿನ್ನುತ್ತೇವೆ. ಬೇರೆ ಮಾಂಸ ತಿನ್ನುವುದಿಲ್ಲ.
— ಧಾರವಾಡದ ಓದುಗರು

ಉತ್ತರ: ದಯವಿಟ್ಟು ಉಂಡು ಹೋಗಬೇಡಿ, ಬೆಳಗಿನ ತಿಂಡಿಯನ್ನೂ ಅರ್ಧಕ್ಕೆ ನಿಲ್ಲಿಸಿ. ಕ್ಯಾಂಟನೀಸ್ ಭಾಷೆಯಲ್ಲಿ ‘ಯಮ್’ ಎಂದರೆ ಕುಡಿಯುವುದು, ‘ಚಾ’ ಎಂದರೆ ನಿಮ್ಮ ಧಾರವಾಡದ ಚಾ. ಚೀನಾದ ಆ ಪದವೇ ನಾಡು ನಾಡು ದಾಟಿ ನಮ್ಮಲ್ಲಿಗೆ ಚಹಾ ಆಗಿ ಬಂದಿದೆ, ‘ಟೀ’ ಎಂಬುದು ಅದೇ ಪದಕ್ಕೆ ಫುಜಿಯನ್ ಕರಾವಳಿಯವರು ಕೊಟ್ಟ ಉಚ್ಚಾರ. ಹೆಸರಿಗೆ ಚಹಾ ಕುಡಿಯುವುದಾದರೂ ಇದು ಎರಡು ಗಂಟೆ ನಡೆಯುವ ಊಟ. ಹಿಂದೆ ಚಹಾ ಮನೆಗಳಲ್ಲಿ ‘ಒಂದು ಬಟ್ಟಲು, ಎರಡು ತುಂಡು’ ಎಂಬ ಮಾತಿತ್ತು, ಅಂದರೆ ಒಂದು ಮುಚ್ಚಳದ ಬಟ್ಟಲು ಚಹಾ ಮತ್ತು ಎರಡು ತಿನಿಸು. ಆ ತಿನಿಸುಗಳೇ ಡಿಮ್ ಸಮ್. ಈಗ ಎರಡಕ್ಕೆ ನಿಲ್ಲುವವರು ಬೆಳಿಗ್ಗೆ ಆರಕ್ಕೆ ಪತ್ರಿಕೆ ಹಿಡಿದು ಬರುವ ಮುದುಕರು ಮಾತ್ರ. ಭಾನುವಾರ ಮೂರು ತಲೆಮಾರಿನ ಸಂಸಾರಗಳು ದುಂಡು ಮೇಜಿನ ಸುತ್ತ ಕುಳಿತರೆ ಹದಿನೈದು ಇಪ್ಪತ್ತು ಬಿದಿರಿನ ಬುಟ್ಟಿಗಳು ಬಂದು ಹೋಗುತ್ತವೆ.

ಕುಳಿತ ಕೂಡಲೇ ಕೇಳುವ ಮೊದಲ ಪ್ರಶ್ನೆ, ಯಾವ ಚಹಾ ಎಂಬುದು. ಹಾಲು, ಸಕ್ಕರೆಯ ಮಾತೇ ಇಲ್ಲ. ‘ಬೋ ಲೇ’ ಎಂಬುದು ಹುದುಗಿಸಿ ಹಳೆಯದಾಗಿಸಿದ ಎಲೆಯ ಕಪ್ಪು ಚಹಾ. ಮಳೆ ಬಿದ್ದ ಮಣ್ಣಿನ ವಾಸನೆ ಅದಕ್ಕಿದ್ದು, ಜಿಡ್ಡಿನ ತಿನಿಸಿಗೆ ಅದರಷ್ಟು ಒಳ್ಳೆಯ ಜೋಡಿ ಬೇರೆ ಇಲ್ಲ. ಮಲ್ಲಿಗೆಯ ಘಮದ ‘ಹಂಗ್ ಪಿನ್’ ನಮ್ಮವರಿಗೆ ಬೇಗ ಒಗ್ಗುತ್ತದೆ. ಸೇವಂತಿಗೆ ಹೂವಿನದು ‘ಗುಕ್ ಫಾ’. ಮೊದಲ ಸಲಕ್ಕೆ ಮಲ್ಲಿಗೆಯನ್ನೇ ಕೇಳಿ, ಬೋ ಲೇ ರುಚಿ ಹತ್ತುವುದಕ್ಕೆ ಮೂರು ಭಾನುವಾರವಾದರೂ ಬೇಕು.

ಮೊದಲ ಸಲ ಬಸಿದ ಬಿಸಿ ಚಹಾದಲ್ಲಿ ಅತಿಥೇಯರು ಬಟ್ಟಲು, ಚಮಚ, ಚಾಪ್‌ಸ್ಟಿಕ್ಕುಗಳನ್ನೆಲ್ಲ ಅದ್ದಿ ತೊಳೆದು, ಆ ನೀರನ್ನು ಮಧ್ಯದ ದೊಡ್ಡ ಬೋಗುಣಿಗೆ ಸುರಿಯಬಹುದು. ಹೋಟೆಲಿನವರ ಮೇಲಿನ ಅನುಮಾನದಿಂದ ಹೀಗೆ ಮಾಡುತ್ತಾರೆಂದು ತಿಳಿಯಬೇಕಾಗಿಲ್ಲ. ನಾವು ಬಾಳೆಲೆಗೆ ನೀರು ಚಿಮುಕಿಸಿ ಕೈಯಿಂದ ಸವರಿಕೊಳ್ಳುವ ಹಾಗೆಯೇ ಇದು, ಎಲೆ ತೊಳೆದೇ ತಂದಿದ್ದರೂ ಕೈ ಸುಮ್ಮನಿರುವುದಿಲ್ಲ. ಯಾರಾದರೂ ನಿಮ್ಮ ಬಟ್ಟಲಿಗೆ ಚಹಾ ಹಾಕಿದಾಗ ತೋರುಬೆರಳು ಮತ್ತು ನಡುಬೆರಳನ್ನು ಸ್ವಲ್ಪ ಮಡಿಸಿ ಮೇಜಿನ ಮೇಲೆ ಮೆಲ್ಲಗೆ ಎರಡು ಮೂರು ಸಲ ತಟ್ಟಿ. ಅದು ಧನ್ಯವಾದ. ಮಾರುವೇಷದಲ್ಲಿ ಸಂಚರಿಸುತ್ತಿದ್ದ ಚಿಯೆನ್‌ಲಾಂಗ್ ಚಕ್ರವರ್ತಿ ತನ್ನ ಸೇವಕನಿಗೆ ತಾನೇ ಚಹಾ ಬಗ್ಗಿಸಿಕೊಟ್ಟನಂತೆ, ಎಲ್ಲರೆದುರು ಸಾಷ್ಟಾಂಗ ಬಿದ್ದರೆ ಗುಟ್ಟು ಬಯಲಾದೀತೆಂದು ಸೇವಕನು ಬೆರಳುಗಳನ್ನೇ ಮಂಡಿಯೂರಿಸಿದನಂತೆ. ಇದು ದಂತಕಥೆ, ಆದರೆ ಅಲ್ಲಿ ಮಕ್ಕಳಿಗೂ ಗೊತ್ತು. ನೀವು ಕೆಟಲಿಯನ್ನು ಎತ್ತಿದಾಗ ಮೊದಲು ಅಕ್ಕಪಕ್ಕದವರ ಬಟ್ಟಲು ತುಂಬಿಸಿ, ಕೊನೆಗೆ ನಿಮ್ಮದು. ಕೆಟಲಿ ಬರಿದಾದರೆ ಯಾರನ್ನೂ ಕೂಗಬೇಕಾಗಿಲ್ಲ, ಮುಚ್ಚಳವನ್ನು ಓರೆಯಾಗಿ ಸರಿಸಿಟ್ಟರೆ ಬಿಸಿನೀರು ತಾನಾಗಿ ಬರುತ್ತದೆ.

ತಳ್ಳುಗಾಡಿಗಳಲ್ಲಿ ಬುಟ್ಟಿ ಪೇರಿಸಿಕೊಂಡು ಹೆಸರು ಕೂಗುತ್ತ ಬರುವ ಪದ್ಧತಿ ಈಗ ವಿರಳ. ಸಿಟಿ ಹಾಲ್ ಕಟ್ಟಡದ ಮ್ಯಾಕ್ಸಿಮ್ಸ್ ಪ್ಯಾಲೇಸ್ ಗಾಡಿಗಳಿಗಾಗಿಯೇ ಹೆಸರಾದದ್ದು. ಉಳಿದೆಡೆ ಕಾಗದದ ಪಟ್ಟಿಯಲ್ಲಿ ಗುರುತು ಹಾಕಿ ಕೊಡುತ್ತಾರೆ, ಅಡುಗೆಮನೆಯಲ್ಲಿ ಯಾವುದು ಮೊದಲು ಬೆಂದರೆ ಅದು ಮೊದಲು ಬರುತ್ತದೆ. ಸಿಹಿಯಾದ ಮೊಟ್ಟೆಯ ಟಾರ್ಟು ಸಿಗಡಿಗಿಂತ ಮುಂಚೆ ಬಂದರೆ ಬೆರಗಾಗಬೇಡಿ. ಮೇಜಿನ ಲೆಕ್ಕವನ್ನು ಒಂದು ಕಾರ್ಡಿನಲ್ಲಿ ಸಣ್ಣ, ನಡು, ದೊಡ್ಡ, ವಿಶೇಷ ಎಂಬ ಮನೆಗಳಲ್ಲಿ ಬರೆದಿಡುವ ಪದ್ಧತಿ ಇದೆ. ಕೊನೆಗೆ ಅದಕ್ಕೆ ತಲೆಗಿಷ್ಟೆಂದು ಚಹಾದ ಶುಲ್ಕ ಮತ್ತು ಸಾಮಾನ್ಯವಾಗಿ ಶೇಕಡಾ 10ರ ಸೇವಾಶುಲ್ಕ ಸೇರುತ್ತವೆ.

ನಿಮ್ಮ ಪಥ್ಯದ ಮಾತು ಮುಖ್ಯವಾದದ್ದು. ಹಳದಿ ಹಾಳೆಯ ತೆರೆದ ಬಾಯಿಯ ‘ಸಿಯು ಮೈ’, ಬಿಳಿ ಬನ್ನಿನ ‘ಚಾ ಸಿಯು ಬಾವ್’ ಎರಡರಲ್ಲೂ ಹಂದಿಮಾಂಸವಿದೆ. ಸಿಗಡಿಯ ‘ಹಾ ಗಾವ್’ ಒಳಗೂ ಬಹಳ ಕಡೆ ಹಂದಿಯ ಕೊಬ್ಬಿನ ಸಣ್ಣ ತುಣುಕುಗಳಿರುತ್ತವೆ. ಕಮಲದ ಎಲೆಯಲ್ಲಿ ಕಟ್ಟಿದ ಅಂಟು ಅಕ್ಕಿಯ ‘ಲೋ ಮೈ ಗಾಯ್’ ಕೋಳಿಯದು, ಬಿಚ್ಚಿದಾಗ ನಮ್ಮ ಅರಿಸಿನ ಎಲೆಯ ಕಡುಬನ್ನು ನೆನಪಿಸುವಂಥದ್ದು. ಆದರೆ ಅದರಲ್ಲಿಯೂ ಹಂದಿಯ ಸಾಸೇಜಿನ ಚೂರು ಸೇರಿಸುವುದುಂಟು. ಆದ್ದರಿಂದ ಮೇಜಿನಲ್ಲಿ ಕುಳಿತ ಮೇಲೆ ಬುಟ್ಟಿ ಬುಟ್ಟಿಗೂ ‘ಇದರಲ್ಲೇನಿದೆ’ ಎಂದು ಕೇಳಿ ಮುಜುಗರ ಪಡುವ ಬದಲು, ನಾಲ್ಕು ದಿನ ಮೊದಲೇ ಮಗನ ಮೂಲಕ ತಿಳಿಸಿಬಿಡಿ. ಅತಿಥಿಯ ಪಥ್ಯ ತಿಳಿದು ಪಟ್ಟಿ ಮಾಡುವುದು ಅಲ್ಲಿಯವರಿಗೂ ಮರ್ಯಾದೆಯ ವಿಷಯ. ‘ಫಂಗ್ ಜಾವ್’, ಅಂದರೆ ಕಪ್ಪು ಸೋಯಾ ಕಾಳಿನ ಸಾಸಿನಲ್ಲಿ ಬೆಂದ ಕೋಳಿಯ ಪಾದ ಬಂದರೆ ಒಂದು ತೆಗೆದುಕೊಳ್ಳಿ, ಆಗದಿದ್ದರೆ ನಗುತ್ತ ಬಿಡಿ. ಚಾಪ್‌ಸ್ಟಿಕ್ ಹಿಡಿಯಲು ಬಾರದಿದ್ದರೆ ಫೋರ್ಕ್ ಕೇಳುವುದರಲ್ಲಿ ನಾಚಿಕೆಯಿಲ್ಲ. ಹಿಡಿದರೆ ಮಾತ್ರ ಅದನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿಡಬೇಡಿ, ಅದು ಸತ್ತವರ ಮುಂದೆ ಹಚ್ಚುವ ಊದುಬತ್ತಿಯ ಹಾಗೆ ಕಾಣುತ್ತದೆ. ಬಡಿಸಿಕೊಳ್ಳಲು ಬೇರೆ ಬಣ್ಣದ ಇನ್ನೊಂದು ಜೊತೆ ಇಟ್ಟಿದ್ದರೆ ಅದು ಎಲ್ಲರಿಗೂ ಸೇರಿದ್ದು. 2003ರ ಸಾರ್ಸ್ ಕಾಯಿಲೆಯ ನಂತರ ಈ ಶಿಸ್ತು ಹೆಚ್ಚು ರೂಢಿಗೆ ಬಂತು.

ಕೈಯಲ್ಲಿ ಒಯ್ಯುವುದಕ್ಕೆ ನಿಮ್ಮೂರಿನವರು ಚಿಂತೆ ಮಾಡುವುದೇ? ಒಂದು ಡಬ್ಬಿ ಪೇಡೆ ಸಾಕು, ಎರಡೂ ಕೈಯಿಂದ ಕೊಡಿ. ಗಡಿಯಾರವನ್ನು ಮಾತ್ರ ಯಾರಿಗೂ ಕಾಣಿಕೆ ಕೊಡಬೇಡಿ, ಆ ಮಾತಿನ ಉಚ್ಚಾರ ‘ಕೊನೆಗಾಲದಲ್ಲಿ ಬೀಳ್ಕೊಡುವುದು’ ಎಂಬುದರ ಹಾಗೆ ಕೇಳಿಸುತ್ತದೆ. ಬಿಲ್ಲು ಬಂದಾಗ ನಿಮ್ಮ ಯಜಮಾನರು ಒಮ್ಮೆ ಕೈ ಚಾಚಲಿ, ಅತಿಥೇಯರು ತಡೆಯಲಿ. ಎರಡನೆಯ ಸಲ ಚಾಚುವುದು ಬೇಡ.

ಪ್ರಶ್ನೆ: ಹಾ ಗಾವ್‌ನ ಹೊರಗಿನ ಹಾಳೆ ಗಾಜಿನ ಹಾಗೆ ಒಳಗಿನ ಸಿಗಡಿಯ ಬಣ್ಣವನ್ನು ತೋರಿಸುತ್ತದೆ. ಮನೆಯಲ್ಲಿ ಅಕ್ಕಿಹಿಟ್ಟಿನಿಂದ ಪ್ರಯತ್ನಿಸಿದಾಗ ಬೆಳ್ಳಗೆ, ದಪ್ಪಗೆ ಉಳಿದು ಬಿರುಕು ಬಿಟ್ಟಿತು. ತಪ್ಪೆಲ್ಲಿ?
— ಬೆಂಗಳೂರಿನ ಗೃಹಿಣಿ

ಉತ್ತರ: ತಪ್ಪು ನಿಮ್ಮ ಕೈಯದಲ್ಲ, ಹಿಟ್ಟಿನದು. ಆ ಹಾಳೆಯಲ್ಲಿ ಅಕ್ಕಿ ಇಲ್ಲ. ಅದು ಗೋಧಿಯ ಪಿಷ್ಟ. ಅದಕ್ಕೆ ಸ್ವಲ್ಪ ಮರಗೆಣಸಿನ ಪಿಷ್ಟ ಸೇರಿಸುತ್ತಾರೆ. ಗೋಧಿಯ ಪಿಷ್ಟವೆಂದರೆ ಬೇರೇನೂ ಅಲ್ಲ, ಗೋಧಿ ನೆನೆಸಿ ರುಬ್ಬಿ ಹಿಂಡಿ ತೆಗೆದ ಹಾಲನ್ನು ಅಲುಗಿಸದೆ ಇಟ್ಟಾಗ ತಳದಲ್ಲಿ ನಿಲ್ಲುವ ಬಿಳಿ ಗಸಿ. ಗೋಧಿ ಹಾಲಿನ ಹಲ್ವ ಮಾಡಿದವರಿಗೆ ಅದರ ಪರಿಚಯವಿದೆ, ಕಾಯಿಸಿದಾಗ ಅದು ಪಾರದರ್ಶಕವಾಗುವುದನ್ನೂ ಅವರು ಕಂಡಿರುತ್ತಾರೆ. ಹಿಟ್ಟಿನ ಅಂಟು ಪ್ರೋಟೀನು ತೊಳೆದುಹೋಗಿ ಬರೀ ಪಿಷ್ಟ ಉಳಿದಿರುವುದರಿಂದಲೇ ಬೆಂದಾಗ ಬೆಳಕು ಅದರ ಮೂಲಕ ಹಾಯುತ್ತದೆ. ಮೈದಾದಲ್ಲಿ ಪ್ರೋಟೀನು ಉಳಿದಿರುವುದರಿಂದ ಅದರ ಹಾಳೆ ಎಷ್ಟು ತೆಳುವಾದರೂ ಹಾಗೆ ಕಾಣುವುದಿಲ್ಲ.

ಹದದ ಗುಟ್ಟು ಮಾತ್ರ ನಿಮಗೆ ಆಗಲೇ ಗೊತ್ತಿದೆ. ಮೋದಕಕ್ಕೆ, ಅಕ್ಕಿರೊಟ್ಟಿಗೆ ಹಿಟ್ಟು ಉಕ್ಕರಿಸುತ್ತೀರಲ್ಲ, ಅದೇ ಇಲ್ಲಿಯೂ. ಅಂಟು ಪ್ರೋಟೀನು ಇಲ್ಲದ ಹಿಟ್ಟು ತಣ್ಣೀರಿನಲ್ಲಿ ಕಣಕವಾಗುವುದಿಲ್ಲ; ನೀರು ಮರಳುತ್ತಿರುವಾಗಲೇ ಒಮ್ಮೆಲೇ ಸುರಿದು, ಸಟ್ಟುಗದಿಂದ ರಭಸವಾಗಿ ತಿರುವಿ, ಮುಚ್ಚಿ ಐದು ನಿಮಿಷ ಬಿಟ್ಟು, ಕೈ ತಾಳುವಷ್ಟು ಬಿಸಿ ಇರುವಾಗಲೇ ಒಂದು ಚಮಚ ಎಣ್ಣೆಯೊಡನೆ ನಾದಬೇಕು. ನೀರು ಕುದಿತ ಕಳೆದುಕೊಂಡ ಮೇಲೆ ಹಾಕಿದರೆ ಬಿರುಕು ಖಂಡಿತ. ನಾದಿದ್ದನ್ನು ಒದ್ದೆ ಬಟ್ಟೆಯಡಿ ಇಟ್ಟು ಒಂದೊಂದೇ ಉಂಡೆ ಹೊರತೆಗೆಯಬೇಕು.

ಕೌಲೂನಿನ ಒಂದು ಚಿಕ್ಕ ಅಡುಗೆಮನೆಯ ಕಿಟಕಿಯ ಹೊರಗೆ ನಿಂತು ನಾನು ಈ ಕೆಲಸವನ್ನು ಎಷ್ಟೋ ಸಲ ನೋಡಿದ್ದೇನೆ. ಅಡುಗೆಯವರ ಕೈಯಲ್ಲಿ ಲಟ್ಟಣಿಗೆ ಇರುವುದಿಲ್ಲ. ಹರಿತವಿಲ್ಲದ ಅಗಲವಾದ ಕತ್ತಿಯೊಂದರ ಹೊಟ್ಟೆಗೆ ಎಣ್ಣೆ ಬಟ್ಟೆ ಸವರಿ, ನೆಲ್ಲಿಕಾಯಿ ಗಾತ್ರದ ಉಂಡೆಯ ಮೇಲೆ ಅದನ್ನು ಒತ್ತಿ ಅರ್ಧ ಸುತ್ತು ತಿರುಗಿಸುತ್ತಾರೆ. ಕತ್ತಿ ಎತ್ತಿದಾಗ ಅಂಗೈಯಗಲದ ದುಂಡು ಹಾಳೆ ಅದಕ್ಕೆ ಅಂಟಿಕೊಂಡೇ ಬರುತ್ತದೆ. ಸಿಗಡಿ ತುಂಬಿ ಎಡಗೈಯಲ್ಲಿ ಹಿಡಿದು ಬಲಗೈ ಬೆರಳುಗಳಿಂದ ಒಂದೇ ಬದಿಗೆ ನೆರಿಗೆ ಹಾಕುವುದು ಕ್ರಮ. ಏಳಕ್ಕೆ ಕಡಿಮೆಯಾದರೆ ಗುರು ಗದರುತ್ತಾನೆ, ಕೈ ಪಳಗಿದವರು ಹತ್ತು ದಾಟುತ್ತಾರೆ. ನಮ್ಮಲ್ಲಿ ಮೋದಕಕ್ಕೆ ಎಸಳು ಎಣಿಸುವ ಅತ್ತೆಯಂದಿರು ನೆನಪಾಗದೆ ಇರುವುದಿಲ್ಲ.

ಒಳಗಿನ ಸಿಗಡಿ ಗರಿಗರಿಯಾಗಿ ಹಲ್ಲಿಗೆ ಸಿಗಬೇಕಾದರೆ ಮೊದಲು ಚಿಟಿಕೆ ಅಡುಗೆ ಸೋಡಾ ಮತ್ತು ಪಿಷ್ಟ ಹಚ್ಚಿಟ್ಟು, ಹರಿಯುವ ತಣ್ಣೀರಿನಲ್ಲಿ ಚೆನ್ನಾಗಿ ತೊಳೆದು, ಬಟ್ಟೆಯಿಂದ ಒತ್ತಿ ಒಣಗಿಸಿ. ಜೋರಾದ ಹಬೆಯಲ್ಲಿ ಐದಾರು ನಿಮಿಷ ಸಾಕು, ಇಡ್ಲಿಯ ಲೆಕ್ಕ ಹಿಡಿದರೆ ಹಾಳೆ ಕರಗಿ ತಳಕ್ಕೆ ಅಂಟುತ್ತದೆ. ಬಿದಿರಿನ ಬುಟ್ಟಿ ಶೋಕಿಗೆ ಇರುವುದಲ್ಲ: ಅದರ ಹೆಣೆದ ಮುಚ್ಚಳ ಹಬೆಯ ಹನಿಯನ್ನು ಹೀರುತ್ತದೆ. ನಿಮ್ಮಲ್ಲಿ ಇಡ್ಲಿ ಪಾತ್ರೆಯಷ್ಟೇ ಇದ್ದರೆ ಮುಚ್ಚಳಕ್ಕೆ ಬಟ್ಟೆ ಕಟ್ಟಿ.

ಪ್ರಶ್ನೆ: ನಾವು ಮೀನಿನ ಊರಿನವರು. ಹಾಂಗ್‌ಕಾಂಗಿಗೆ ಹೋದಾಗ ತೊಟ್ಟಿಯಲ್ಲಿ ಈಜುವ ಮೀನನ್ನು ಆರಿಸಿ ಬೇಯಿಸಿಕೊಡುವ ಹೋಟೆಲಿಗೆ ಹೋಗಬೇಕೆಂದಿದ್ದೇವೆ. ಆದರೆ ಹೋಗಿಬಂದ ಬಂಧುಗಳು ‘ಬಿಲ್ಲು ನೋಡಿ ತಲೆ ತಿರುಗಿತು, ಮೀನೋ ಸಪ್ಪೆ’ ಎನ್ನುತ್ತಾರೆ. ನಿಜವೇ? ಅಬರ್ಡೀನಿನ ತೇಲುವ ಹೋಟೆಲಿಗೆ ಹೋಗುವುದು ಹೇಗೆ?
— ಕುಂದಾಪುರದ ಓದುಗರು

ಉತ್ತರ: ತೇಲುವ ಹೋಟೆಲಿನ ಮಾತು ಮೊದಲು ಮುಗಿಸೋಣ. ಅದು ಈಗಿಲ್ಲ. 1976ರಲ್ಲಿ ಆರಂಭವಾದ ಜಂಬೋ 2020ರ ಮಾರ್ಚಿನಲ್ಲಿ ಮುಚ್ಚಿತು; 2022ರ ಜೂನಿನಲ್ಲಿ ಅದನ್ನು ಬಂದರಿನಿಂದ ಎಳೆದೊಯ್ಯುವಾಗ ದಕ್ಷಿಣ ಚೀನಾ ಸಮುದ್ರದಲ್ಲಿ ಮಗುಚಿತು. ಹಳೆಯ ಪ್ರವಾಸ ಪುಸ್ತಕಗಳಲ್ಲಿ ಅದರ ಚಿತ್ರ ಇನ್ನೂ ಇದೆ.

ಜೀವಂತ ಮೀನಿಗೆ ಹೋಗಬೇಕಾದ ಜಾಗಗಳೆಂದರೆ ಕೌಲೂನಿನ ಪೂರ್ವ ತುದಿಯ ಲೇ ಯು ಮುನ್, ಸೈ ಕುಂಗ್ ಪೇಟೆಯ ಸಮುದ್ರದಂಚು, ಮತ್ತು ದೋಣಿಯಲ್ಲಿ ಹೋಗಬೇಕಾದ ಲಾಮಾ ದ್ವೀಪದ ಸೋಕ್ ಕ್ವು ವಾನ್. ಲೇ ಯು ಮುನ್‌ನಲ್ಲಿ ಮೀನಿನ ಅಂಗಡಿಯೇ ಬೇರೆ, ಹೋಟೆಲೇ ಬೇರೆ. ಇಕ್ಕಟ್ಟಾದ ಓಣಿಯ ಎರಡೂ ಬದಿಯ ತೊಟ್ಟಿಗಳಲ್ಲಿ ಮೀನು, ಏಡಿ, ಸಿಗಡಿ, ಚಿಪ್ಪುಗಳನ್ನು ಆರಿಸಿ ಕೊಂಡು, ಹೋಟೆಲಿನವರ ಕೈಗೆ ಕೊಟ್ಟರೆ ಅವರು ಅಡುಗೆಯ ಕೂಲಿ ಹಾಕಿ ನೀವು ಹೇಳಿದ ರೀತಿಯಲ್ಲಿ ಬೇಯಿಸುತ್ತಾರೆ. ಆದ್ದರಿಂದ ಎರಡು ಲೆಕ್ಕವಿರುತ್ತದೆ, ಎರಡನ್ನೂ ಮೊದಲೇ ಕೇಳಬೇಕು.

ನಿಮ್ಮ ಬಂಧುಗಳ ತಲೆ ತಿರುಗಿದ್ದು ಬಹುಶಃ ತೂಕದಲ್ಲಿ. ಅಲ್ಲಿ ಮೀನಿನ ಬೆಲೆ ಕಿಲೋಗೆ ಅಲ್ಲ, ‘ಗನ್’ ಎಂಬ ಹಳೆಯ ತೂಕಕ್ಕೆ. ಇಂಗ್ಲಿಷಿನವರು ಅದನ್ನು ಕ್ಯಾಟಿ ಎನ್ನುತ್ತಾರೆ. ಹಾಂಗ್‌ಕಾಂಗಿನ ಒಂದು ಕ್ಯಾಟಿ ಸುಮಾರು 605 ಗ್ರಾಂ. ಗಡಿಯಾಚೆ ಚೀನಾದ ಮುಖ್ಯ ಭೂಭಾಗದಲ್ಲಿ ಅದೇ ಹೆಸರಿನ ತೂಕ 500 ಗ್ರಾಂ. ಕ್ಯಾಟಿಯ ಹದಿನಾರನೇ ಒಂದು ಭಾಗ ‘ಲಂಗ್’, ಅಂದರೆ ಟೇಲ್, ಸುಮಾರು 38 ಗ್ರಾಂ. ಉದಾಹರಣೆಗೆ ಬೆಲೆ 480 ಹಾಂಗ್‌ಕಾಂಗ್ ಡಾಲರ್ ಎಂದು ಬರೆದಿದ್ದು, ನೀವು ಆರಿಸಿದ ಮೀನು ಒಂದು ಕ್ಯಾಟಿ ಆರು ಟೇಲ್ ತೂಗಿತೆನ್ನಿ. ಅದು ಸುಮಾರು 830 ಗ್ರಾಂ. ಬೆಲೆಯನ್ನು ಕಿಲೋದ್ದೆಂದು ಭಾವಿಸಿದವರು ಮನಸ್ಸಿನಲ್ಲಿ ನಾನೂರು ಡಾಲರ್ ಇಟ್ಟುಕೊಂಡು ಉಂಡಿರುತ್ತಾರೆ, ಬಿಲ್ಲು 660 ಎನ್ನುತ್ತದೆ. ಅಂಗಡಿಯವರು ಮೋಸ ಮಾಡಿಲ್ಲ. ಪಟ್ಟಿಯಲ್ಲಿ ಅಂಕಿಯ ಬದಲು ‘ಸಿ ಗಾ’, ಅಂದರೆ ಅಂದಿನ ಮಾರುಕಟ್ಟೆ ಬೆಲೆ ಎಂದಷ್ಟೇ ಇದ್ದರೆ, ಮೀನನ್ನು ನೀರಿನಿಂದ ಎತ್ತುವ ಮೊದಲು ಅಂಕಿಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ: ಕ್ಯಾಟಿಗೆಷ್ಟು, ಈ ಮೀನು ಎಷ್ಟು ತೂಗಿತು, ಒಟ್ಟು ಎಷ್ಟು. ತೂಗುವ ಚೀಲದಿಂದ ನೀರು ಬಸಿದಿದೆಯೇ ಎಂದು ನೋಡುವುದೂ ತಪ್ಪಲ್ಲ.

ಇಷ್ಟು ಖಚಿತವಾಗಿ ಹೇಳಲು ನನಗೊಂದು ಸ್ವಂತ ಕಾರಣವಿದೆ. ಹೋದ ಹೊಸತರಲ್ಲಿ ಸಮುದ್ರದಂಚಿನ ಒಂದು ಹೋಟೆಲಿನಲ್ಲಿ ಮಿಡತೆಯ ಹಾಗೆ ಕೈ ಮಡಿಸಿಕೊಂಡಿರುವ ದೊಡ್ಡ ಸಿಗಡಿಗಳನ್ನು ತೋರಿಸಿ ಬೆಲೆ ಕೇಳಿದೆ, ‘ಎಂಬತ್ತು’ ಎಂದರು. ಕ್ಯಾಟಿಗೆ ಎಂಬತ್ತು ಬಹಳ ಅಗ್ಗವಾಯಿತೆಂದು ಆರು ಜನಕ್ಕೆ ಹನ್ನೆರಡು ಹೇಳಿದೆ. ಅದು ಒಂದಕ್ಕೆ ಎಂಬತ್ತು. ಅಂದು ಜೊತೆಯಲ್ಲಿದ್ದ ಐವರೂ ಇಂದಿಗೂ ನನ್ನನ್ನು ಕಂಡಾಗ ಹನ್ನೆರಡು ಬೆರಳು ತೋರಿಸಲು ಪ್ರಯತ್ನಿಸುತ್ತಾರೆ.

ಇನ್ನು ಸಪ್ಪೆಯ ಆರೋಪ. ಕುಂದಾಪುರದ ನಾಲಿಗೆಗೆ ಅದು ಹಾಗೆ ಅನಿಸುವುದು ಸಹಜ, ಆದರೂ ನಾನು ಒಪ್ಪುವುದಿಲ್ಲ. ಕರಾವಳಿಯಲ್ಲಿ ಮುರು ಎಂದು ಕರೆಯುವ ಜಾತಿಯ ಮೀನನ್ನು ಅಲ್ಲಿ ಇಡಿಯಾಗಿ ಹಬೆಯಲ್ಲಿ ಬೇಯಿಸುತ್ತಾರೆ. ತಟ್ಟೆಯಲ್ಲಿ ಈರುಳ್ಳಿ ಹೂವಿನ ದಂಟುಗಳನ್ನು ಅಡ್ಡ ಹಾಸಿ ಅದರ ಮೇಲೆ ಮೀನನ್ನು ಮಲಗಿಸಿ, ಎಂಟು ಹತ್ತು ನಿಮಿಷ ಬೇಯಿಸಿ, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲುತ್ತಾರೆ, ನೀಚು ವಾಸನೆ ಇರುವುದು ಆ ನೀರಿನಲ್ಲಿ. ಆಮೇಲೆ ಕೂದಲಿನಷ್ಟು ಸಣ್ಣಗೆ ಸೀಳಿದ ಶುಂಠಿ ಮತ್ತು ಹಸಿರು ಈರುಳ್ಳಿಯನ್ನು ಮೇಲೆ ಹರಡಿ, ಹೊಗೆಯಾಡುವ ಕಡಲೆಕಾಯಿ ಎಣ್ಣೆಯನ್ನು ಸುರಿದಾಗ ಚುರ್ ಎಂಬ ಸದ್ದಿನೊಡನೆ ಘಮ ಏಳುತ್ತದೆ. ಕೊನೆಗೆ ಸ್ವಲ್ಪ ಸಿಹಿ ಬೆರೆತ ಸೋಯಾ ಸಾಸನ್ನು ಬದಿಯಿಂದ ಬಿಡುತ್ತಾರೆ. ಮಾಂಸ ಮುಳ್ಳಿನಿಂದ ಆಗ ತಾನೇ ಬಿಡುತ್ತಿರಬೇಕು. ಒಂದು ನಿಮಿಷ ಹೆಚ್ಚು ಬೆಂದರೆ ಮೇಜಿನ ಹಿರಿಯರು ಮೀನನ್ನು ನೋಡಿಯೇ ಹೇಳಿಬಿಡುತ್ತಾರೆ. ಹತ್ತು ನಿಮಿಷದ ಹಿಂದೆ ಈಜುತ್ತಿದ್ದ ಮೀನಿಗೆ ಹುಳಿ, ಮೆಣಸು, ಕೊತ್ತಂಬರಿಯ ಅರಪ್ಪು ಹಾಕಿದರೆ ಜೀವಂತ ಮೀನಿಗೆಂದು ಕೊಟ್ಟ ದುಡ್ಡು ವ್ಯರ್ಥ ಎಂಬುದು ಅವರ ವಾದ. ಬಂಗುಡೆ ಪುಳಿಮುಂಚಿಯ ನ್ಯಾಯ ಬೇರೆ, ಈ ಮುರುವಿನ ನ್ಯಾಯ ಬೇರೆ.

ಮೀನಿನ ತಲೆ ಮುಖ್ಯ ಅತಿಥಿಯ ಕಡೆ ಇರುವಂತೆ ತಟ್ಟೆ ಇಡುತ್ತಾರೆ. ಮೇಲಿನ ಬದಿ ಮುಗಿದ ಮೇಲೆ ಮೀನನ್ನು ಮಗುಚಬೇಡಿ, ನಡುಮುಳ್ಳನ್ನು ಎತ್ತಿ ತೆಗೆದು ಕೆಳಗಿನದನ್ನು ತಿನ್ನಿ. ಮೀನು ಮಗುಚಿದರೆ ದೋಣಿ ಮಗುಚಿದಂತೆ ಎಂದು ಅಲ್ಲಿಯ ಮೀನುಗಾರರ ನಂಬಿಕೆ. ಖಾರ ಬೇಕೇ ಬೇಕೆನ್ನುವವರು ಏಡಿಗೆ ‘ಬೇ ಫಂಗ್ ಟೊಂಗ್’ ರೀತಿ ಕೇಳಿ. ಬಿರುಗಾಳಿಯ ಹೊತ್ತಿಗೆ ದೋಣಿಗಳು ತಂಗುತ್ತಿದ್ದ ಕಾಸ್‌ವೇ ಬೇ ಬಂದರಿನ ದೋಣಿ ಜನರ ಅಡುಗೆ ಅದು. ಕೆಂಪಗೆ ಹುರಿದ ಬೆಳ್ಳುಳ್ಳಿಯ ಪುಡಿಯಡಿ ಏಡಿ ಹುದುಗಿಹೋಗಿರುತ್ತದೆ, ಜೊತೆಗೆ ಮೆಣಸಿನಕಾಯಿ, ಹುದುಗಿದ ಕಪ್ಪು ಸೋಯಾ ಕಾಳು. ನಿಮ್ಮ ಬಂಧುಗಳಿಗೂ ಹೇಳಿ.

ಒಂದು ವಿನಂತಿ. ಹಣೆ ಉಬ್ಬಿದ, ತುಟಿ ದಪ್ಪಗಿನ, ನೀಲಿ ಹಸಿರು ಬಣ್ಣದ ‘ಸೋ ಮೇ’ ಎಂಬ ದೊಡ್ಡ ಮೀನನ್ನು ತೋರಿಸಿದರೆ ಬೇಡವೆನ್ನಿ. ಹವಳದ ದಿಬ್ಬಗಳ ಆ ಮೀನು ಅಳಿವಿನಂಚಿನಲ್ಲಿದ್ದು, 2004ರಲ್ಲಿ ಸೈಟಿಸ್ ಒಪ್ಪಂದದ ಪಟ್ಟಿಗೆ ಸೇರಿಸಿದ ಮೇಲೆ ಅದರ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದಲ್ಲಿದೆ.

ಪ್ರಶ್ನೆ: ನಾನು ಶುದ್ಧ ಸಸ್ಯಾಹಾರಿ, ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಡಿಮ್ ಸಮ್ ರುಚಿ ನೋಡುವ ಭಾಗ್ಯ ನನಗಿದೆಯೇ?
— ಉಡುಪಿಯ ಓದುಗರು

ಉತ್ತರ: ಇದೆ, ಆದರೆ ಎಲ್ಲರೂ ಹೋಗುವ ಡಿಮ್ ಸಮ್ ಮನೆಯಲ್ಲಿ ಅಲ್ಲ. ಅಲ್ಲಿ ಹೆಸರು ನೋಡಿ ನಂಬುವ ಹಾಗಿಲ್ಲ. ಮೂಲಂಗಿಯ ‘ಲೋ ಬಾಕ್ ಗೋ’ ಹೆಸರಿನಲ್ಲಿ ಮೂಲಂಗಿ, ಹೊಟ್ಟೆಯಲ್ಲಿ ಒಣ ಸಿಗಡಿ ಮತ್ತು ಹಂದಿಯ ಸಾಸೇಜು. ಬೇಯಿಸಿದ ಸೊಪ್ಪಿನ ಮೇಲೆ ಸಿಂಪಿ ಮಾಂಸದ ರಸದಿಂದಾದ ಆಯ್ಸ್ಟರ್ ಸಾಸು. ಟಾರ್ಟಿನ ಪದರಗಳಲ್ಲಿ ಹಂದಿಯ ಕೊಬ್ಬು ಇರಬಹುದು. ಏನನ್ನೂ ತುಂಬದ ಅಕ್ಕಿಯ ಸುರುಳಿ ‘ಜಾಯ್ ಚಂಗ್’, ಅಂದರೆ ಬಟ್ಟೆಯ ಮೇಲೋ ತಟ್ಟೆಯ ಮೇಲೋ ಹಬೆಯಲ್ಲಿ ಬೆಂದ ತೆಳು ಹಾಳೆಯ ಸುರುಳಿ, ನಮ್ಮವರಿಗೆ ಪರಮಪ್ರಿಯವಾದೀತು. ಆದರೆ ಬುಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಒಂದೇ ಹಬೆಯಲ್ಲಿ ಬೇಯಿಸುವುದರಿಂದ ಮೇಲಿನ ಬುಟ್ಟಿಯ ಮಾಂಸದ ಹನಿ ಕೆಳಗಿನದರ ಮೇಲೆ ಬೀಳುವುದನ್ನು ಯಾರೂ ತಡೆಯಲಾರರು. ಮಡಿಯ ಲೆಕ್ಕ ಹಿಡಿಯುವವರಿಗೆ ಇದನ್ನು ಹೇಳದೆ ಇರುವುದು ಸರಿಯಲ್ಲ.

ನಿಮಗೆ ಬೇಕಾದದ್ದು ಬೌದ್ಧರ ‘ಜಾಯ್’ ಅಡುಗೆ. ಆ ಸಂಪ್ರದಾಯದಲ್ಲಿ ಮಾಂಸ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯ ಜಾತಿಗೆ ಸೇರಿದ ಕಟು ವಾಸನೆಯ ಗಡ್ಡೆಗಳಿಗೂ ನಿಷೇಧವಿದೆ, ಆದ್ದರಿಂದ ಉಡುಪಿಯ ಮಠದ ಅಡುಗೆಗೂ ಅದಕ್ಕೂ ಈ ಒಂದು ವಿಷಯದಲ್ಲಿ ಪೂರ್ಣ ಒಮ್ಮತ. ಡೈಮಂಡ್ ಹಿಲ್‌ನಲ್ಲಿ ಚೀ ಲಿನ್ ಭಿಕ್ಷುಣಿಯರ ಮಠಕ್ಕೆ ಹೊಂದಿಕೊಂಡ ನಾನ್ ಲಿಯಾನ್ ಉದ್ಯಾನದೊಳಗೆ, ಜಲಪಾತದ ಹಿಂದೆ, ಒಂದು ಸಸ್ಯಾಹಾರಿ ಊಟದ ಮನೆ ಇದೆ. ಗಾಜಿನ ಗೋಡೆಯಾಚೆ ನೀರು ಬೀಳುತ್ತಿರುವಾಗ ಅಣಬೆಯ ತಿನಿಸುಗಳನ್ನು ತಿನ್ನಬಹುದು. ಲಾಂಟಾವ್ ದ್ವೀಪದ ದೊಡ್ಡ ಬುದ್ಧನ ವಿಗ್ರಹ ನೋಡಲು ಹೋದರೆ ಪೋ ಲಿನ್ ಮಠದಲ್ಲಿ ಸಸ್ಯಾಹಾರದ ಊಟ ಸಿಗುತ್ತದೆ.

ಎಲ್ಲಿ ಹೋದರೂ ಒಂದು ವಾಕ್ಯ ಕಲಿತಿರಿ: ‘ಙೋ ಸಿಕ್ ಜಾಯ್’, ನಾನು ಜಾಯ್ ಉಣ್ಣುವವನು. ನಮ್ಮ ವರ್ಣಮಾಲೆಯಲ್ಲಿ ಶತಮಾನಗಳಿಂದ ಕೆಲಸವಿಲ್ಲದೆ ಕುಳಿತಿರುವ ಙ ಅಕ್ಷರಕ್ಕೆ ಅಂತೂ ಒಂದು ಕೆಲಸ ಸಿಕ್ಕಿತು. ‘ಸಸ್ಯಾಹಾರಿ’ ಎಂದು ಇಂಗ್ಲಿಷಿನಲ್ಲಿ ಹೇಳಿದರೆ ಮಾಂಸದ ತುಂಡನ್ನಷ್ಟೇ ತೆಗೆದು ಸಾರನ್ನು ಉಳಿಸುವವರಿದ್ದಾರೆ; ಜಾಯ್ ಎಂದಾಗ ಅದರ ಹಿಂದೆ ವ್ರತವಿದೆ ಎಂದು ಅವರಿಗೆ ತಿಳಿಯುತ್ತದೆ.

ಪ್ರಶ್ನೆ: ಮೊಮೊ ಮತ್ತು ಡಿಮ್ ಸಮ್ ಒಂದೇ ಅಲ್ಲವೇ?
— ಶಿವಮೊಗ್ಗದ ವಿದ್ಯಾರ್ಥಿನಿ

ಉತ್ತರ: ಅಲ್ಲ. ಮೊಮೊ ಒಂದು ತಿನಿಸಿನ ಹೆಸರು, ಡಿಮ್ ಸಮ್ ಹತ್ತಾರು ತಿನಿಸುಗಳ ಗುಂಪಿನ ಹೆಸರು; ‘ದೋಸೆಯೂ ತಿಂಡಿಯೂ ಒಂದೇ ಅಲ್ಲವೇ’ ಎಂದು ಕೇಳಿದ ಹಾಗಾಯಿತು. ಮೊಮೊ ಟಿಬೆಟ್, ನೇಪಾಳಗಳದು, ಮೈದಾ ಹಿಟ್ಟಿನ ದಪ್ಪ ಹೊದಿಕೆಯದು. ಬೈಲುಕುಪ್ಪೆ, ಮುಂಡಗೋಡುಗಳಲ್ಲಿ 1960ರ ದಶಕದಿಂದ ಟಿಬೆಟನ್ನರು ನೆಲೆಸಿರುವುದರಿಂದ ಅದರ ಒಳ್ಳೆಯ ರೂಪ ನಮ್ಮ ರಾಜ್ಯದಲ್ಲಿಯೇ ಸಿಗುತ್ತದೆ. ಡಿಮ್ ಸಮ್ ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ್ದು. ಅದರಲ್ಲಿ ಹಬೆಯದು, ಕರಿದದ್ದು, ಗಂಜಿ, ಸಿಹಿ ಎಲ್ಲವೂ ಸೇರುತ್ತವೆ.

ಪ್ರಶ್ನೆ: ಅಲ್ಲಿಯ ಹೋಟೆಲುಗಳಲ್ಲಿ ಗೋಬಿ ಮಂಚೂರಿ ಹೇಗಿರುತ್ತದೆ?
— ಹುಬ್ಬಳ್ಳಿಯ ಓದುಗರು

ಉತ್ತರ: ಇರುವುದಿಲ್ಲ. ಮಂಚೂರಿ ಹುಟ್ಟಿದ್ದು ಮುಂಬಯಿಯಲ್ಲಿ. 1970ರ ದಶಕದಲ್ಲಿ ನೆಲ್ಸನ್ ವಾಂಗ್ ಎಂಬ ಅಡುಗೆಯವರು ಕೋಳಿಯಿಂದ ಅದನ್ನು ಮೊದಲು ಮಾಡಿದರೆಂದು ಸಾಮಾನ್ಯವಾಗಿ ಹೇಳುತ್ತಾರೆ, ಹೂಕೋಸು ಆಮೇಲೆ ಬಂತು. ಚೀನಾದ ಮಂಚೂರಿಯಾದವರಿಗೆ ಅದರ ಸುದ್ದಿಯೇ ಇಲ್ಲ. ಹಾಂಗ್‌ಕಾಂಗಿನಲ್ಲಿ ತೀರಾ ಬೇಕೆನಿಸಿದರೆ ಸಿಮ್ ಶಾ ಚುಯಿಯ ಚುಂಗ್‌ಕಿಂಗ್ ಮ್ಯಾನ್ಷನ್ಸ್ ಕಟ್ಟಡದ ಭಾರತೀಯ ಊಟದ ಮನೆಗಳಲ್ಲಿ ವಿಚಾರಿಸಿ. ಬಣ್ಣ ಮಾತ್ರ ಹುಬ್ಬಳ್ಳಿಯ ಹಳೆಯ ಗಾಡಿಗಳಷ್ಟು ಕೆಂಪಗೆ ನಿರೀಕ್ಷಿಸಬೇಡಿ. ನಮ್ಮ ಸರ್ಕಾರವೂ 2024ರ ಮಾರ್ಚಿನಲ್ಲಿ ಆ ಕೃತಕ ಬಣ್ಣವನ್ನು ನಿಷೇಧಿಸಿತಲ್ಲ.

ಪ್ರಶ್ನೆ: ನಾನು ಹಾಂಗ್‌ಕಾಂಗಿಗೆ ಬಂದು ಆರು ತಿಂಗಳಾಯಿತು. ಸ್ಥಳೀಯ ಸಹೋದ್ಯೋಗಿಯೊಬ್ಬರು ಪ್ರತಿ ಸಲ ಬೀಳ್ಕೊಡುವಾಗ ‘ಡಾಕ್ ಹಾನ್ ಯಮ್ ಚಾ’, ಬಿಡುವಾದಾಗ ಚಹಾ ಕುಡಿಯೋಣ ಎನ್ನುತ್ತಾರೆ, ಆದರೆ ಇದುವರೆಗೆ ಕರೆದಿಲ್ಲ. ನನ್ನಿಂದ ಏನಾದರೂ ತಪ್ಪಾಗಿದೆಯೇ?
— ಹಾಂಗ್‌ಕಾಂಗಿನಲ್ಲಿರುವ ಕನ್ನಡಿಗರು

ಉತ್ತರ: ಏನೂ ತಪ್ಪಾಗಿಲ್ಲ. ‘ಒಮ್ಮೆ ಮನೆ ಕಡೆ ಬನ್ನಿ’ ಎಂದು ನಾವು ಬಸ್ ನಿಲ್ದಾಣದಲ್ಲಿ ಹೇಳಿ ಬಸ್ಸು ಹತ್ತುವುದಿಲ್ಲವೇ, ಅದರ ಕ್ಯಾಂಟನೀಸ್ ರೂಪ ಇದು. ಹೇಳಿದವರಿಗೂ ಕೇಳಿದವರಿಗೂ ಅದು ‘ಹೋಗಿ ಬರುತ್ತೇನೆ’ ಎಂಬುದಕ್ಕಿಂತ ಹೆಚ್ಚಿನ ಕರಾರಲ್ಲ. ನಿಜವಾಗಿ ಕರೆಯುವಾಗ ವಾರ, ಗಂಟೆ, ಜಾಗ ಮೂರೂ ಇರುತ್ತವೆ. ಮುಂದಿನ ಸಲ ಅವರು ಹಾಗೆಂದಾಗ ನೀವೇ ಈ ಮೂರನ್ನೂ ಹೇಳಿ ನೋಡಿ, ಸಂಕೋಚ ಬೇಡ. ಆರು ತಿಂಗಳಿನ ಪರಿಚಯಕ್ಕೆ ಅಷ್ಟು ಸಲಿಗೆ ಸಲ್ಲುತ್ತದೆ. ಭಾನುವಾರವಾದರೆ ಹತ್ತು ಗಂಟೆಗೆ ಎನ್ನಿ, ಹನ್ನೊಂದರ ಮೇಲೆ ಹೋದರೆ ಚೀಟಿ ಹಿಡಿದು ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.